ಅಂಗಳದ ‘ಗುಬ್ಬಿ’ಗಳೆಲ್ಲ ಗುಬ್ಬಿಯಲ್ಲ!

ಜೋಳದ ನಾಡಿನ ರಾಟವಾಳ ಗುರುತಿಸೋದು ಹ್ಯಾಂಗ? ಕಾಳು ಹಾಕೋದು ಹ್ಯಾಂಗ?

ಸೊಲ್ಲಾಪುರ: ಬೆಳಗಿನ ಹೊತ್ತು. ಕಂಪೌಂಡ್ ಗೋಡೆಯ ಮೇಲೆ ಏಳೆಂಟು ಪುಟ್ಟ ಹಕ್ಕಿಗಳು ಒಂದಕ್ಕೊಂದು ಒತ್ತಿಕೊಂಡು ಸಾಲಾಗಿ ಕೂತಿವೆ. ಮೈ ಕಂದು, ಹೊಟ್ಟೆ ಬೆಳ್ಳಗೆ, ಬಾಲ ಕರ್ರಗೆ ಚೂಪು. ಅಜ್ಜಿ ‘ಗುಬ್ಬಿ ಬಂದಾವ ನೋಡು’ ಅಂತಾಳೆ. ಮರಾಠಿ ಶಾಲೆಗೆ ಹೋಗುವ ಮೊಮ್ಮಗಳು ‘ಚಿಮಣಿ’ ಅಂತಾಳೆ. ಪೇಟೆಯ ಹಕ್ಕಿ ಅಂಗಡಿಯವನನ್ನು ಕೇಳಿದರೆ ‘ಫಿಂಚ್’ ಅಂತಾನೆ. ಮೂವರ ಮಾತೂ ಪೂರ್ತಿ ಸರಿಯಲ್ಲ! ಕನ್ನಡದ ಪಕ್ಷಿ ಪುಸ್ತಕಗಳಲ್ಲಿ ಈ ಹಕ್ಕಿಗೆ ರಾಟವಾಳ ಎಂಬ ಚೆಂದದ ಹೆಸರಿದೆ. ಮರಾಠಿ, ಹಿಂದಿಗಳಲ್ಲಿ ಮುನಿಯಾ.

ಸೊಲ್ಲಾಪುರ, ಅಕ್ಕಲಕೋಟ, ಮಂಗಳವೇಢೆ, ಜತ್ತ ಭಾಗದ ಕನ್ನಡಿಗರ ಮನೆಗಳ ಸುತ್ತ ಈ ಹಕ್ಕಿ ಹೊಸದೇನಲ್ಲ. ಬಿಳಿ ಜೋಳ ಬೆಳೆಯುವ ಎರೆಭೂಮಿ, ನಡುನಡುವೆ ಜಾಲಿ ಕಂಟಿ, ಬಯಲು ಹುಲ್ಲುಗಾವಲು ಇವೆಲ್ಲ ಅದರ ತವರು. ಆದರೆ ಗುಬ್ಬಿಯ ನೆರಳಲ್ಲಿ ಅದರ ಗುರುತೇ ಮರೆಯಾಗಿದೆ. ಗುಬ್ಬಿಗೆ 2010ರಿಂದ ಮಾರ್ಚ್ 20ರಂದು ವಿಶ್ವ ದಿನಾಚರಣೆಯೇ ನಡೆಯುತ್ತಿದೆ. ರಾಟವಾಳವನ್ನು ಕೇಳೋರು ಯಾರು?

ಮೊದಲು ಕೊಕ್ಕು ನೋಡಿ

ಗುರುತಿಸುವುದು ಕಷ್ಟವೇನಲ್ಲ. ಬಣ್ಣ ನೋಡುವ ಮೊದಲು ಗಾತ್ರ ನೋಡಬೇಕು. ಗುಬ್ಬಿ ಸುಮಾರು 15 ಸೆಂ.ಮೀ. ಉದ್ದವಿದ್ದರೆ ರಾಟವಾಳ 10-11 ಸೆಂ.ಮೀ. ಮಾತ್ರ. ಎರಡೂ ಒಂದೇ ತಂತಿಯ ಮೇಲೆ ಕೂತಾಗ ದೊಡ್ಡಣ್ಣ-ಚಿಕ್ಕತಮ್ಮ ಇದ್ದಂತೆ ಕಾಣುತ್ತದೆ. ಎರಡನೆಯದು ಕೊಕ್ಕು. ಈ ಪುಟ್ಟ ಹಕ್ಕಿಯ ತಲೆಗೆ ಹೋಲಿಸಿದರೆ ಕೊಕ್ಕು ತುಸು ದೊಡ್ಡದೇ ಆಯಿತೇನೋ ಅನ್ನಿಸುವಷ್ಟು ದಪ್ಪ, ತ್ರಿಕೋನಾಕಾರ. ಹುಲ್ಲಿನ ಬೀಜದ ಸಿಪ್ಪೆ ಸುಲಿಯಲೆಂದೇ ಮಾಡಿದ ಇಕ್ಕಳ ಅದು.

ನಮ್ಮ ಒಣ ಪ್ರದೇಶದಲ್ಲಿ ಹೆಚ್ಚು ಕಾಣುವುದು ಬಿಳಿ ಕತ್ತಿನ ರಾಟವಾಳ. ಮೇಲ್ಭಾಗ ಮಣ್ಣಿನ ಕಂದು, ಕತ್ತು-ಹೊಟ್ಟೆ ಮಾಸಲು ಬಿಳಿ, ಕೊಕ್ಕು ಬೆಳ್ಳಿಯಂಥ ಬೂದಿ ಬಣ್ಣ. ಹಾರಿದಾಗ ಬಾಲದ ಬುಡದಲ್ಲಿ ಬಿಳಿ ಪಟ್ಟಿ ಫಕ್ಕನೆ ಕಾಣುತ್ತದೆ. ಬಾಲ ಕಪ್ಪು, ತುದಿ ಚೂಪು. ಗಂಡು-ಹೆಣ್ಣು ಎರಡೂ ಒಂದೇ ಥರ. ಗುಬ್ಬಿಯಲ್ಲಿ ಹಾಗಲ್ಲ. ಗಂಡು ಗುಬ್ಬಿಗೆ ಗದ್ದದ ಕೆಳಗೆ ಕರಿ ಮಚ್ಚೆ, ನೆತ್ತಿ ಬೂದಿ. ಹೆಣ್ಣಿಗೆ ಮಚ್ಚೆ ಇಲ್ಲ, ಕಣ್ಣಿನ ಹಿಂದೆ ತೆಳು ಹುಬ್ಬಿನಂಥ ಗೆರೆ.

ಎರಡನೆಯದು ಚುಕ್ಕೆ ರಾಟವಾಳ. ಮುಖ, ಕತ್ತು ಕಾಚಿನ ಬಣ್ಣ. ಎದೆ-ಹೊಟ್ಟೆಯ ಬಿಳಿಯ ಮೇಲೆ ಮೀನಿನ ಹುರುಪೆಯಂಥ ಕಪ್ಪು ಚಿತ್ತಾರ. ಒಮ್ಮೆ ನೋಡಿದರೆ ಮರೆಯುವ ಮಾತೇ ಇಲ್ಲ. ಆದರೆ ಇದರ ಮರಿಗಳು ಮಾತ್ರ ಮೋಸ ಮಾಡುತ್ತವೆ. ಅವಕ್ಕೆ ಚಿತ್ತಾರ ಇರುವುದಿಲ್ಲ, ಮೈಯೆಲ್ಲ ಸಾದಾ ತಿಳಿಗಂದು. ಮಳೆಗಾಲ ಮುಗಿದ ಮೇಲೆ ಇಂಥ ಬಣ್ಣಗೆಟ್ಟ ಹಕ್ಕಿಗಳ ಗುಂಪು ಕಂಡರೆ ಬೇರೆ ಜಾತಿ ಎಂದು ತಿಳಿಯಬೇಡಿ. ಅದೇ ಗುಂಪಿನಲ್ಲಿ ಒಂದೆರಡು ಚಿತ್ತಾರದವು ಇದ್ದೇ ಇರುತ್ತವೆ.

ಮೂರನೆಯದು ಅದೃಷ್ಟ ಇದ್ದವರಿಗೆ. ಕೆಂಪು ರಾಟವಾಳ! ಮರಿ ಮಾಡುವ ಕಾಲದಲ್ಲಿ ಗಂಡಿನ ಮೈ ಕುಂಕುಮದ ಹಾಗೆ ಕೆಂಪು, ಅದರ ಮೇಲೆ ಅಕ್ಕಿ ಚೆಲ್ಲಿದಂತೆ ಬಿಳಿ ಚುಕ್ಕೆ. ಉಳಿದ ಕಾಲದಲ್ಲಿ ಕಂದು, ಆದರೆ ಕೊಕ್ಕು ಮತ್ತು ಬಾಲದ ಬುಡ ಕೆಂಪಾಗಿಯೇ ಇರುತ್ತವೆ. ನೀರಿನ ಕಾಲುವೆ, ಆಪು-ಜೊಂಡು ಇರುವಲ್ಲಿ ಹುಡುಕಬೇಕು. ಮನೆಯಂಗಳಕ್ಕೆ ಬರುವುದು ಕಡಿಮೆ. ಇದರ ವೈಜ್ಞಾನಿಕ ಹೆಸರು ‘ಅಮಂಡಾವಾ’. ಯಾವ ಊರಿನಿಂದ ಬಂತು ಗೊತ್ತೆ? ಅಹಮದಾಬಾದಿನಿಂದ! ಒಂದು ಕಾಲಕ್ಕೆ ಆ ಪೇಟೆಯಿಂದ ಈ ಹಕ್ಕಿಗಳನ್ನು ಪಂಜರದಲ್ಲಿ ತುಂಬಿ ವಿದೇಶಕ್ಕೆ ಕಳಿಸುತ್ತಿದ್ದರು. ಊರಿನ ಹೆಸರು ಪರದೇಶಿಗಳ ಬಾಯಲ್ಲಿ ತಿರುಚಿಕೊಂಡು ಹಕ್ಕಿಗೆ ಅಂಟಿಕೊಂಡಿತು.

ಇನ್ನು ಗೊಂದಲ ಮಾಡುವ ನೆಂಟರೂ ಇದ್ದಾರೆ. ಬಾವಿಯ ಮೇಲಿನ ಜಾಲಿಗೆ ಗೂಡು ನೇಯುವ ಗೀಜಗನ ಹೆಣ್ಣು ದೂರದಿಂದ ಥೇಟ್ ಹೆಣ್ಣು ಗುಬ್ಬಿ. ಕೊಕ್ಕು ಇನ್ನೂ ದಪ್ಪ, ಬಾಲ ಗಿಡ್ಡ ಎಂಬುದೇ ಗುರುತು. ಹೊಲದ ಬದುವಿನ ಮರಗಳಲ್ಲಿ ಇನ್ನೊಂದು ಬಗೆಯ ಗುಬ್ಬಿ ಇದೆ, ಗಂಡಿನ ಕತ್ತಿನಲ್ಲಿ ಹಳದಿ ಮಚ್ಚೆ, ಹೆಗಲಲ್ಲಿ ಕೆಂಗಂದು. ಈ ಹಳದಿ ಕತ್ತಿನ ಗುಬ್ಬಿಯನ್ನು ಹುಡುಗನಿದ್ದಾಗ ಏರ್‌ಗನ್ನಿನಿಂದ ಹೊಡೆದು, ‘ಇದ್ಯಾವ ಹಕ್ಕಿ?’ ಎಂದು ಮುಂಬೈನ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕೇಳಲು ಹೋದ ಬಾಲಕನೇ ಮುಂದೆ ಡಾ. ಸಲೀಂ ಅಲಿ ಆದದ್ದು. 1985ರಲ್ಲಿ ಬಂದ ತಮ್ಮ ಆತ್ಮಕಥೆಯ ಹೆಸರಿನಲ್ಲೂ ಅವರು ಆ ಗುಬ್ಬಿಯನ್ನು ಬಿಡಲಿಲ್ಲ.

ಹಾಗಾದರೆ ಅಂಗಡಿಯವನು ಹೇಳುವ ‘ಫಿಂಚ್’ ಯಾವುದು? ಶಾಸ್ತ್ರದ ಪ್ರಕಾರ ನಿಜವಾದ ಫಿಂಚ್ ಕುಟುಂಬವೇ ಬೇರೆ. ಅದರ ಪೈಕಿ ಗುಲಾಬಿ ತಲೆ-ಎದೆಯ ರೋಸ್‌ಫಿಂಚ್ ಎಂಬ ಹಕ್ಕಿ ಉತ್ತರದಿಂದ ಚಳಿಗಾಲಕ್ಕೆ ದಕ್ಷಿಣದ ಕಡೆ ಬರುತ್ತದೆ. ರಾಟವಾಳಗಳು ಅವುಗಳ ದೂರದ ಬಳಗ. ಪಂಜರದಲ್ಲಿ ಮಾರುವ ‘ಝೀಬ್ರಾ ಫಿಂಚ್’ ಮೂಲತಃ ಆಸ್ಟ್ರೇಲಿಯಾ ಕಡೆಯದು. ‘ಬೆಂಗಾಲೀಸ್’ ಎಂದು ಮಾರುವುದು ನಮ್ಮ ರಾಟವಾಳದ ಜಾತಿಯೊಂದನ್ನೇ ಜಪಾನಿನಲ್ಲಿ ತಲೆತಲಾಂತರ ಸಾಕಿ ಬೆಳೆಸಿದ ತಳಿ.

ಜಂತಿ ಮನೆಯೂ ಜಾಲಿ ಕಂಟಿಯೂ

ಗುಬ್ಬಿ ಮನುಷ್ಯನ ಮನೆಯೊಳಗೇ ಬಂದು ಸಂಸಾರ ಹೂಡುವ ಹಕ್ಕಿ. ನಮ್ಮ ಕಡೆಯ ಹಳೇ ಮಾಳಿಗಿ ಮನೆಗಳಲ್ಲಿ ಜಂತಿಯ ಸಂದು, ದೇವರ ಫೋಟೋ ಹಿಂದಿನ ಜಾಗ ಎಲ್ಲ ಅದರವೇ ಆಗಿದ್ದವು. ಆರ್‌ಸಿಸಿ ಸ್ಲ್ಯಾಬ್ ಬಂದ ಮೇಲೆ ಸಂದಿಯೇ ಇಲ್ಲ. ಗುಬ್ಬಿ ಪೂರ್ತಿ ನಾಶವಾಯಿತು ಎಂದು ಗುಲ್ಲೆದ್ದದ್ದು ಉಂಟು. ಆದರೆ 2020ರಲ್ಲಿ ಬಂದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿ, ದೇಶದ ಲೆಕ್ಕದಲ್ಲಿ ಗುಬ್ಬಿ ಹೆಚ್ಚೂಕಡಿಮೆ ಸ್ಥಿರವಾಗಿದೆ, ಬೆಂಗಳೂರು-ಮುಂಬೈಯಂಥ ಆರು ಮಹಾನಗರಗಳಲ್ಲಿ ಮಾತ್ರ ಕಡಿಮೆಯಾಗುತ್ತ ಬಂದಿದೆ ಎಂದು ಹೇಳಿತು.

ರಾಟವಾಳ ಮನೆಯೊಳಗೆ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಮುಳ್ಳಿನ ಕಂಟಿ. ಒಣಹುಲ್ಲಿನಿಂದ ಚೆಂಡಿನಂಥ ಗೂಡು ಕಟ್ಟಿ ಪಕ್ಕದಲ್ಲಿ ಬಾಗಿಲು ಇಡುತ್ತದೆ. ಜಾಲಿ, ಬೇಲಿಯ ಕಂಟಿ, ಅಂಗಳದ ಬೋಗನ್‌ವಿಲ್ಲಾ ಬಳ್ಳಿ ಯಾವುದಾದರೂ ಆದೀತು. ಬಿಳಿ ಕತ್ತಿನದು ಇನ್ನೂ ಜಾಣ. ಗೀಜಗ ಬಿಟ್ಟುಹೋದ ಹಳೇ ಗೂಡು ಕಂಡರೆ ಕಟ್ಟುವ ಕಷ್ಟವೇ ಬೇಡವೆಂದು ಅದರೊಳಗೇ ಬಿಡಾರ ಹೂಡುತ್ತದೆ! ಗಂಡ-ಹೆಂಡತಿ ಇಬ್ಬರೂ ಸರದಿಯಲ್ಲಿ ಕಾವು ಕೊಡುತ್ತಾರೆ, ರಾತ್ರಿ ಇಬ್ಬರೂ ಗೂಡಿನಲ್ಲೇ ಮಲಗುತ್ತಾರೆ.

ಹೀಗಾಗಿ ಮಾರ್ಕೆಟ್ಟಿನಲ್ಲಿ ಸಿಗುವ ಕಟ್ಟಿಗೆಯ ಗುಬ್ಬಿ ಪೆಟ್ಟಿಗೆ ತಂದು ತೂಗುಹಾಕಿದರೆ ಗುಬ್ಬಿ ಬಂದೀತು, ರಾಟವಾಳ ಬರುವುದಿಲ್ಲ. ಕಂಪೌಂಡಿನ ಮೂಲೆಯ ಕಂಟಿಯನ್ನು ಮಳೆಗಾಲದಲ್ಲಿ ಕಡಿಯದೆ ಬಿಡುವುದೇ ಅದಕ್ಕೆ ಮಾಡುವ ದೊಡ್ಡ ಉಪಕಾರ. ‘ಸ್ವಚ್ಛ ಕಾಣಲಿ’ ಎಂದು ಎಲ್ಲ ಕಡೆ ಪೇವರ್ ಬ್ಲಾಕ್ ಹಾಸಿ, ಆಮೇಲೆ ಹಕ್ಕಿ ಬರುತ್ತಿಲ್ಲ ಎಂದು ಮರುಗುವುದರಲ್ಲಿ ಅರ್ಥವಿಲ್ಲ.

ಹೊಲದವನಿಗೆ ಕಳ್ಳ, ಮನೆಯವರಿಗೆ ಅತಿಥಿ

ಇದೇ ಹಕ್ಕಿಯ ಬಗ್ಗೆ ಹೊಲದಲ್ಲಿ ನಿಂತ ರೈತನನ್ನು ಕೇಳಿದರೆ ರಾಗ ಬೇರೆ. ಹಿಂಗಾರಿ ಜೋಳದ ತೆನೆಗೆ ಹಾಲು ತುಂಬುವ ಹೊತ್ತಿಗೆ, ಅಂದರೆ ಡಿಸೆಂಬರ್-ಜನವರಿಯಲ್ಲಿ, ಹಕ್ಕಿಗಳ ದಂಡು ಇಳಿಯುತ್ತದೆ. ಗುಬ್ಬಿ, ಗೀಜಗ, ರಾಟವಾಳಗಳ ಜೊತೆ ಚಳಿಗಾಲಕ್ಕೆ ದೂರದಿಂದ ಬರುವ ಕರಿತಲೆ-ಹಳದಿ ಹೊಟ್ಟೆಯ ಬಂಟಿಂಗ್ ಹಕ್ಕಿಗಳೂ ಸೇರಿಬಿಡುತ್ತವೆ. ಅಟ್ಟ ಕಟ್ಟಿ, ಕವಣಿ ಬೀಸಿ, ಡಬ್ಬಿ ಬಡಿದು ಹಕ್ಕಿ ಕಾಯುವುದು ಈ ಭಾಗದ ಕುಟುಂಬಗಳಿಗೆ ತಲೆಮಾರುಗಳ ಕೆಲಸ. ಎಕರೆಗೆ ಎಕರೆ ಜೋಳ ಇದ್ದಾಗ ಹಕ್ಕಿ ತಿಂದದ್ದು ಗೊತ್ತಾಗುತ್ತಿರಲಿಲ್ಲ. ಸುತ್ತ ಕಬ್ಬು, ನಡುವೆ ಒಬ್ಬನದೇ ಎರಡು ಎಕರೆ ಜೋಳ ಅಂತಾದರೆ? ಸೀಮೆಯ ಹಕ್ಕಿಯೆಲ್ಲ ಅವನ ಹೊಲಕ್ಕೇ!

1980ರಲ್ಲಿ ಪೂರ್ಣಗೊಂಡ ಭೀಮಾ ನದಿಯ ಉಜನಿ ಅಣೆಕಟ್ಟಿನ ನೀರು ಬಂದ ಮೇಲೆ ಜಿಲ್ಲೆಯಲ್ಲಿ ಕಬ್ಬಿನ ಸೀಮೆ ಹಿಗ್ಗಿತು, ಸಕ್ಕರೆ ಕಾರ್ಖಾನೆಗಳು ಸಾಲುಗಟ್ಟಿದವು. ರೈತನಿಗೆ ನಾಲ್ಕು ಕಾಸು ಕಂಡಿತು, ಅದನ್ನು ತಪ್ಪು ಅನ್ನುವಂತಿಲ್ಲ. ಆದರೆ ಕಬ್ಬಿನ ಹೊಲದಲ್ಲಿ ಕಾಳು ತಿನ್ನುವ ಹಕ್ಕಿಗೆ ಊಟವಿಲ್ಲ. ಬಸವಣ್ಣನವರು ಬಿಜ್ಜಳನ ಬಳಿ ಕರಣಿಕರಾಗಿದ್ದ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಜೋಳಕ್ಕೆ ಒಳ್ಳೆ ದರ ಸಿಕ್ಕು ಬೆಳೆಯುವವರು ಉಳಿದರೆ ರಾಟವಾಳವೂ ಉಳಿದೀತು. ಒಬ್ಬನ ಹೊಲಕ್ಕೆ ಬೀಳುವ ಹೊರೆಯೂ ಹಂಚಿಹೋದೀತು.

ಹಾಗೆ ನೋಡಿದರೆ ಕೊಡುವ ರೂಢಿ ನಮ್ಮಲ್ಲಿ ಹಳೆಯದೇ. ಎಳ್ಳ ಅಮವಾಸಿಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವಲ್ಲ, ಭೂಮಿತಾಯಿಯ ಪಾಲಿನ ಆ ಅನ್ನ ಇರುವೆಗೂ ಹಕ್ಕಿಗೂ ಸೇರುತ್ತದೆ. ಸುಗ್ಗಿಯಲ್ಲಿ ಕಣದ ಅಂಚಿಗೆ ಬಿದ್ದ ಕಾಳನ್ನು ಬಳಿದು ಒಯ್ಯದ ಹಿರಿಯರಿದ್ದರು. ಈಗ ಮಷಿನ್ನಿನಲ್ಲಿ ರಾಶಿ, ಕಾಳು ನೇರ ಚೀಲಕ್ಕೆ.

ಏನು ಹಾಕಬೇಕು, ಏನು ಹಾಕಬಾರದು?

ರಾಟವಾಳದ ಬಾಯಿ ಸಣ್ಣದು. ಅದಕ್ಕೆ ಅಚ್ಚುಮೆಚ್ಚು ನವಣಿ. ಸಾವಿ, ರಾಗಿ, ಸಜ್ಜಿಯೂ ನಡೆಯುತ್ತದೆ. ನವಣಿ ತರುವಾಗ ಅಂಗಡಿಯಲ್ಲಿ ಉಣ್ಣಲು ಮಾರುವ ನವಣಕ್ಕಿ ಬೇಡ, ಸಿಪ್ಪೆ ಸಹಿತ ಇರುವ ಇಡೀ ಕಾಳೇ ಬೇಕು. ಸಿಪ್ಪೆ ಸುಲಿಯುವುದು ಅದರ ಕಸುಬು. ಸಿಪ್ಪೆಯ ಕಾಳು ಬೇಗ ಮುಗ್ಗುವುದೂ ಇಲ್ಲ. ಒಣಗಿದ ಇಡೀ ಜೋಳ ಅದಕ್ಕೆ ತುಸು ದಪ್ಪವಾದೀತು. ನುಚ್ಚು ಮಾಡಿ ಹಾಕಿ. ಗುಬ್ಬಿಗಾದರೆ ಜೋಳದ ನುಚ್ಚು, ಸಜ್ಜಿ, ಅಕ್ಕಿ ನುಚ್ಚು ಸಾಕು.

ಎಲ್ಲಕ್ಕಿಂತ ಸರಳ ಉಪಾಯ ತೆನೆ ಕಟ್ಟುವುದು. ಸುಗ್ಗಿಯಲ್ಲಿ ಹಳ್ಳಿಯ ಮನೆಯಿಂದ ನಾಲ್ಕು ಜೋಳದ ತೆನೆ, ಸಜ್ಜಿ ತೆನೆ ತಂದು ದಂಟು ಸಮೇತ ಕಟ್ಟಿ ಗ್ಯಾಲರಿಯಲ್ಲಿ ತೂಗುಬಿಟ್ಟರೆ ಸಾಕು. ರಾಟವಾಳಕ್ಕೆ ನೆಲದ ಮೇಲೆ ಹೆಕ್ಕುವುದಕ್ಕಿಂತ ದಂಟು ಹಿಡಿದು ಜೋತು ತಿನ್ನುವುದು ಸಹಜ ಅಭ್ಯಾಸ. ಇನ್ನೂ ಒಂದು ಲಾಭ ಇದೆ: ಪಾರಿವಾಳಕ್ಕೆ ತೆನೆಗೆ ಜೋಲಾಡಲು ಬರುವುದಿಲ್ಲ! ತಟ್ಟೆಯಲ್ಲಿ ರಾಶಿ ಕಾಳು ಸುರಿದರೆ ಮೊದಲು ಬರುವುದು ಅದೇ. ನಂತರ ಸಣ್ಣ ಹಕ್ಕಿಗಳಿಗೆ ಜಾಗವೇ ಇರುವುದಿಲ್ಲ. ಪಾರಿವಾಳಕ್ಕೆ ಕಾಳು ಹಾಕುವುದು ಮುಂಬೈಯಲ್ಲಿ 2025ರಲ್ಲಿ ಎಷ್ಟು ದೊಡ್ಡ ತಂಟೆಯಾಯಿತು, ದಾದರ್‌ನ ಕಬೂತರಖಾನೆಗೆ ತಾಡಪತ್ರಿ ಹೊದಿಸುವವರೆಗೆ ಹೋಯಿತು ಎಂಬುದು ಓದುಗರಿಗೆ ನೆನಪಿರಬಹುದು. ಅವುಗಳ ಹಿಕ್ಕೆಯ ಧೂಳಿನಿಂದ ಶ್ವಾಸಕೋಶಕ್ಕೆ ತೊಂದರೆ ಎಂಬುದೇ ಅಲ್ಲಿನ ತಕರಾರು. ಹಾಗಾಗಿ ಒಂದು ಹಿಡಿ ಸಾಕು. ಬೆಳಿಗ್ಗೆ ಹಾಕಿದ್ದು ಸಂಜೆಯೊಳಗೆ ಮುಗಿಯಬೇಕು, ಉಳಿದರೆ ಮರುದಿನ ಕಡಿಮೆ ಹಾಕಿ.

ಹಾಕಬಾರದ್ದು ಏನು? ಚೂಡಾ, ಫರಸಾಣ, ಉಪ್ಪು ಹಚ್ಚಿದ ಶೇಂಗಾ ಬೇಡ. ಬ್ರೆಡ್, ಹಾಲು ಬೇಡ. ಬಿಸಿಲಿಗೆ ಹಳಸುವ ಅನ್ನ ಇಟ್ಟು ಮರೆಯಬೇಡಿ. ಮುಗ್ಗಿದ ಶೇಂಗಾ, ಮುಗ್ಗಿದ ಜೋಳ ‘ಹಕ್ಕಿಗಾದೀತು’ ಎಂದು ಹಾಕುವವರಿದ್ದಾರೆ. ಬೂಸ್ಟಿನಲ್ಲಿ ವಿಷ ಇರುತ್ತದೆ, ನಮಗೆ ಬೇಡವಾದದ್ದು ಅವಕ್ಕೂ ಬೇಡ. ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಹೊಲ ಇದ್ದವರಿಗೆ: ಬಿತ್ತಿ ಉಳಿದ ಬೀಜದ ಪ್ಯಾಕೆಟ್ ಖಾಲಿ ಮಾಡಲು ಅಂಗಳಕ್ಕೆ ಸುರಿಯಲೇಬೇಡಿ. ಗುಲಾಬಿ, ಕೆಂಪು ಬಣ್ಣ ಬಳಿದ ಆ ಬೀಜಕ್ಕೆ ಕೀಟನಾಶಕ, ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಪುಟ್ಟ ಹಕ್ಕಿಗೆ ಕೆಲವೇ ಕಾಳು ಸಾಕು, ಜೀವ ಹೋಗುತ್ತದೆ.

ಇನ್ನೊಂದು ಮಾತು. ಗುಬ್ಬಿ ಮರಿಗಳಿಗೆ ಮೊದಲ ದಿನಗಳಲ್ಲಿ ಬೇಕಾದದ್ದು ಕಾಳಲ್ಲ, ಹುಳ. ತಾಯಿ-ತಂದೆ ಎಲೆಯಡಿಯ ಹುಳು ಹುಡುಕಿ ತಂದು ತಿನಿಸುತ್ತವೆ. ಗುಲಾಬಿ ಗಿಡಕ್ಕೆ, ಕರಿಬೇವಿಗೆ ವಾರವಾರ ಔಷಧಿ ಹೊಡೆಯುವ ಮನೆಯಲ್ಲಿ ಎಷ್ಟು ಕಾಳು ಹಾಕಿದರೂ ಮರಿ ಉಳಿಯುವುದು ಕಷ್ಟ.

ನೀರು ಮೊದಲು, ಕಾಳು ಆಮೇಲೆ

ನಮ್ಮನ್ನು ಕೇಳಿದರೆ ಸೊಲ್ಲಾಪುರದ ಬೇಸಿಗೆಯಲ್ಲಿ ಕಾಳಿಗಿಂತ ನೀರು ಮುಖ್ಯ. ಏಪ್ರಿಲ್-ಮೇ ತಿಂಗಳಲ್ಲಿ ಪಾರಾ 42 ಡಿಗ್ರಿ ದಾಟುವ ಊರಿದು. ಒಣ ಕಾಳು ತಿನ್ನುವ ಹಕ್ಕಿಗೆ ಊಟದಿಂದ ಸಿಗುವ ನೀರು ತೀರಾ ಕಡಿಮೆ, ದಿನಕ್ಕೆ ಹಲವು ಸಲ ಕುಡಿಯಲೇಬೇಕು. ಕುಂಬಾರರ ಹತ್ತಿರ ಸಿಗುವ ಅಗಲ ಬಾಯಿಯ ಮಣ್ಣಿನ ತಟ್ಟೆ ಒಳ್ಳೆಯದು. ಆಳ ಒಂದರಿಂದ ಒಂದೂವರೆ ಇಂಚು ಇದ್ದರೆ ಸಾಕು. ನಡುವೆ ಒಂದು ಕಲ್ಲು ಇಡಿ, ಸಣ್ಣ ಹಕ್ಕಿ ಅದರ ಮೇಲೆ ನಿಂತು ಕುಡಿಯುತ್ತದೆ. ಬಕೆಟ್ಟು, ಡ್ರಮ್ಮು ತೆರೆದಿಟ್ಟರೆ ಬಿದ್ದು ಸಾಯುವುದೇ ಹೆಚ್ಚು.

ನೀರು ದಿನಾ ಬದಲಿಸಬೇಕು. ‘ನೀರಿಟ್ಟರ ಸೊಳ್ಳಿ ಆಗ್ತಾವಲ್ರೀ?’ ಎಂಬ ಅಂಜಿಕೆ ಹಲವರಿಗಿದೆ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರಲು ವಾರವಾದರೂ ಬೇಕು. ದಿನಾ ಚೆಲ್ಲಿ ತಿಕ್ಕುವ ತಟ್ಟೆಯಲ್ಲಿ ಸೊಳ್ಳೆ ಹುಟ್ಟುವುದಿಲ್ಲ. ತಟ್ಟೆಯನ್ನು ಗಿಡದ ಬುಡಕ್ಕೆ ಒತ್ತಿ ಇಡಬೇಡಿ, ಬೆಕ್ಕು ಅಡಗಿ ಕೂರುತ್ತದೆ. ಹಾಗಂತ ಬಟಾಬಯಲಲ್ಲೂ ಬೇಡ. ಐದಾರು ಅಡಿ ದೂರದಲ್ಲಿ ಕಂಟಿಯೊಂದಿದ್ದರೆ ಡೇಗೆ ಎರಗಿದಾಗ ಓಡಿ ಹೊಕ್ಕಲು ಅನುಕೂಲ.

ಸ್ವಚ್ಛತೆಯ ಮಾತು ಶಾಸ್ತ್ರಕ್ಕೆ ಹೇಳಿದ್ದಲ್ಲ. ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮನೆ ಹಿತ್ತಲಿಗೆ ಬರುವ ಹೌಸ್ ಫಿಂಚ್ ಎಂಬ ಕೆಂಪು ತಲೆಯ ಹಕ್ಕಿಯ ಕಥೆ ಕೇಳಿ. ಮೂಲ ಪಶ್ಚಿಮ ಅಮೆರಿಕದ ಹಕ್ಕಿ. ಅದನ್ನು ‘ಹಾಲಿವುಡ್ ಫಿಂಚ್’ ಎಂದು ನ್ಯೂಯಾರ್ಕಿನಲ್ಲಿ ಕಾನೂನುಬಾಹಿರವಾಗಿ ಮಾರುತ್ತಿದ್ದವರು 1940ರ ಸುಮಾರಿಗೆ ಕೇಸಿಗೆ ಹೆದರಿ ಬಿಟ್ಟುಬಿಟ್ಟರು. ಐವತ್ತು ವರ್ಷದಲ್ಲಿ ಪೂರ್ವ ಅಮೆರಿಕ ತುಂಬ ಹರಡಿತು. 1994ರಲ್ಲಿ ಅದಕ್ಕೆ ಕಣ್ಣಿನ ಬೇನೆ ಬಂತು. ಕಣ್ಣು ಊದಿ, ಮುಚ್ಚಿ, ಕುರುಡಾಗಿ ಹಸಿವಿನಿಂದ ಸಾಯುವ ರೋಗ. ಹರಡುವುದಕ್ಕೆ ನೆರವಾದದ್ದು ಜನ ಪ್ರೀತಿಯಿಂದ ಇಟ್ಟ ಕಾಳಿನ ಡಬ್ಬಿಗಳೇ! ಬ್ರಿಟನ್ನಿನಲ್ಲಿ ಗ್ರೀನ್‌ಫಿಂಚ್‌ಗೆ 2005ರಿಂದ ಗಂಟಲು ಬೇನೆ ಅಂಟಿ, ಕೆಲವೇ ವರ್ಷಗಳಲ್ಲಿ ಅವುಗಳ ಸಂಖ್ಯೆ ಮೂರನೇ ಒಂದರಷ್ಟು ಇಳಿಯಿತು. ಅಲ್ಲೂ ಕೊಳಕು ತಟ್ಟೆ, ಕೊಳಕು ನೀರಿನ ಮೇಲೆಯೇ ಬೊಟ್ಟು. ಆದ್ದರಿಂದ ವಾರಕ್ಕೊಮ್ಮೆ ತಟ್ಟೆಯನ್ನು ಬಿಸಿನೀರಲ್ಲಿ ತಿಕ್ಕಿ, ಬಿಸಿಲಿಗೆ ಒಣಗಿಸಿ. ಹಿಕ್ಕೆ ಬಿದ್ದ ಕಾಳು ಗುಡಿಸಿ ಹಾಕಿ. ಕಣ್ಣು ಊದಿದ, ಗರಿ ಕೆದರಿ ಮಂಕಾಗಿ ಕೂತ ಹಕ್ಕಿ ಕಂಡರೆ ಎರಡು ವಾರ ಕಾಳು ಹಾಕುವುದನ್ನೇ ನಿಲ್ಲಿಸಿ.

ಪಂಜರದ ಪುಣ್ಯ ಬೇಡ

ಜಾತ್ರೆ, ಸಂತೆಗಳಲ್ಲಿ ಹಸಿರು, ಗುಲಾಬಿ, ನೀಲಿ ಬಣ್ಣದ ಪುಟ್ಟ ಹಕ್ಕಿಗಳನ್ನು ಬುಟ್ಟಿಯಲ್ಲಿಟ್ಟು ಮಾರುವುದು ನೋಡಿದವರಿದ್ದೀರಿ. ಬಹುಪಾಲು ಅವು ಬಲೆಗೆ ಬಿದ್ದ ರಾಟವಾಳಗಳೇ, ಮೇಲೆ ಬಳಿದದ್ದು ಬಣ್ಣ. ಒಂದು ಸಲ ಸ್ನಾನ ಮಾಡಿದರೆ ಬಣ್ಣ ಬಿಡುತ್ತದೆ. ಕೆಲವು ಅಷ್ಟು ದಿನವೂ ಬದುಕುವುದಿಲ್ಲ. ಮಕ್ಕಳು ಹಟ ಹಿಡಿದರೂ ಕೊಳ್ಳಬೇಡಿ. ‘ಬಿಡಿಸಿ ಪುಣ್ಯ ಕಟ್ಟಿಕೊಳ್ಳೋಣು’ ಎಂದು ದುಡ್ಡು ಕೊಟ್ಟರೂ ಬಲೆಗಾರನಿಗೆ ಅದು ಮತ್ತೊಂದು ಗಿರಾಕಿ, ನಾಳೆ ಇನ್ನೆರಡು ಹಿಡಿಯುತ್ತಾನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವುಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿ ಸಾಕುವುದು ಎಲ್ಲ ಅಪರಾಧ. ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

ಅಂಗಳದಲ್ಲೇ ಹಕ್ಕಿ ಬೇಕಿದ್ದರೆ ಒಡೆದ ಟಬ್ಬಿಗೆ ಮಣ್ಣು ತುಂಬಿ, ಮಳೆ ಬಿದ್ದ ಕೂಡಲೇ ಒಂದು ಚಮಚ ನವಣಿ ಉದುರಿಸಿ. ಮೂರು ತಿಂಗಳೊಳಗೆ ನರಿಬಾಲದಂಥ ತೆನೆ ಬಾಗುತ್ತವೆ. ಕೊಯ್ಯಬೇಡಿ, ಹಾಗೇ ಬಿಡಿ. ಮಕ್ಕಳಿಗೂ ಬೆಳೆ ನೋಡಿದಂತಾಗುತ್ತದೆ.

ಹೆಸರು ಯಾರ ಬಾಯಲ್ಲಿದೆ?

ಸೊಲ್ಲಾಪುರದವರೇ ಆದ ಮಾರುತಿ ಚಿತಮಪಲ್ಲಿ ಅವರನ್ನು ಇಲ್ಲಿ ನೆನೆಯಬೇಕು. 1932ರಲ್ಲಿ ಇಲ್ಲಿ ಹುಟ್ಟಿ, ಅರಣ್ಯ ಇಲಾಖೆಯಲ್ಲಿ ದುಡಿದು, ಕಾಡಿನ ಬಗ್ಗೆ ಮರಾಠಿಯಲ್ಲಿ ಬರೆದವರು. ಹಕ್ಕಿಗಳ ಹೆಸರು-ವಿವರ ಒಟ್ಟುಗೂಡಿಸಿ ‘ಪಕ್ಷಿಕೋಶ’ ಕಟ್ಟಿದರು. 2006ರಲ್ಲಿ ಸೊಲ್ಲಾಪುರದಲ್ಲೇ ನಡೆದ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಪದ್ಮಶ್ರೀ ಪಡೆದ ವರ್ಷವೇ, 2025ರ ಜೂನ್‌ನಲ್ಲಿ ಇದೇ ಊರಿನಲ್ಲಿ ಕಣ್ಮುಚ್ಚಿದರು. ಅವರ ಮನೆಮಾತು ತೆಲುಗು, ಬರೆದದ್ದು ಮರಾಠಿ. ಭಾಷೆ ಬೇರೆಯಾದರೂ ಅವರು ಮಾಡಿದ ಕೆಲಸ ಸರಳ: ಹಳ್ಳಿಯವರನ್ನು, ಕಾಡಿನವರನ್ನು ಕೇಳಿ ಹೆಸರು ಬರೆದುಕೊಂಡರು.

ಗಡಿಯ ಕನ್ನಡದಲ್ಲಿ ಅಂಥ ಕೆಲಸ ಬಾಕಿ ಇದೆ. ಹಕ್ಕಿ ಕಾಯಲು ಅಟ್ಟ ಹತ್ತಿದ್ದ ಅಜ್ಜ-ಅಜ್ಜಿಯರಿಗೆ ಗುಬ್ಬಿ ಬೇರೆ, ಈ ಪುಟಾಣಿ ಬೇರೆ ಎಂದು ಗೊತ್ತಿತ್ತು. ಊರಿಗೊಂದು ಹೆಸರೂ ಇದ್ದೀತು. ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಏನನ್ನುತ್ತಾರೆ, ಜತ್ತದ ಪೂರ್ವಭಾಗದಲ್ಲಿ ಏನನ್ನುತ್ತಾರೆ? ಮನೆಯ ಹಿರಿಯರಿಗೆ ಚಿತ್ರ ತೋರಿಸಿ, ‘ಯಜ್ಜಾ, ಇದಕ್ಕ ನಿಮ್ಮ ಕಾಲದಾಗ ಏನಂತಿದ್ರಿ?’ ಎಂದು ಕೇಳಿ ಬರೆದಿಡಿ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಮನೆಯಂಗಳದ ಹಕ್ಕಿ ಎಣಿಸುವ ಅಂತಾರಾಷ್ಟ್ರೀಯ ಕಾರ್ಯಕ್ರಮವೂ ಇದೆ. ಕನಿಷ್ಠ ಹದಿನೈದು ನಿಮಿಷ ಕೂತು ಕಂಡದ್ದನ್ನು ಎಣಿಸಿ ಕಳಿಸಿದರಾಯಿತು. ಇಲ್ಲಿನ ಕನ್ನಡ ಶಾಲೆಗಳ ಮಕ್ಕಳು ಇದರಲ್ಲಿ ಭಾಗವಹಿಸಬಹುದು. ಜೋಳ ಕೊಯ್ಲಿಗೆ ಬರುವ ಹೊತ್ತೂ ಅದೇ ಆದ್ದರಿಂದ ಹೊಲದ ಬದುವಿನಲ್ಲಿ ಕೂತರೆ ಪಟ್ಟಿ ಬೇಗ ಉದ್ದವಾಗುತ್ತದೆ.